ಇಳಿಯುವ ದಾರಿ ಹುಡುಕಲು ಹತ್ತಿಹೋದ ವೈರಸ್

ಹುಚ್ಚುನಾಯಿ ಮುಖಕ್ಕೋ ಕುತ್ತಿಗೆಗೋ ಕಚ್ಚಿದೆ ಎಂದರೆ ವೈದ್ಯರ ಆತಂಕ ಹೆಚ್ಚುತ್ತದೆ. ಪಾದಕ್ಕೆ ಕಚ್ಚಿದ್ದರೆ ರೋಗ ತಲೆದೋರಲು ಸಾಮಾನ್ಯವಾಗಿ ಇನ್ನಷ್ಟು ಕಾಲ ಹಿಡಿಯುತ್ತದೆ. (ಹಾಗೆಂದು ಕಾಯುತ್ತ ಕೂರುವಂತಿಲ್ಲ. ಎಲ್ಲಿ ಕಚ್ಚಿದರೂ ತಕ್ಷಣ ಸೋಪುನೀರಿನಿಂದ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.) ರೇಬೀಸ್ ವೈರಸ್ ರಕ್ತದಲ್ಲಿ ತೇಲಿಕೊಂಡು ಹೋಗುವುದಿಲ್ಲ. ನರದ ತುದಿಯಲ್ಲಿ ಹೊಕ್ಕು, ನರದೊಳಗೇ ಸಾಗಿ, ಬೆನ್ನುಹುರಿ ಹತ್ತಿ ಮಿದುಳು ಸೇರುತ್ತದೆ. ಹಾಗಾಗಿ ದೂರ ಹೆಚ್ಚಿದ್ದಷ್ಟೂ ಪಯಣ ದೀರ್ಘ. ಈ ಪಯಣವನ್ನೇ ನರವಿಜ್ಞಾನಿಗಳು ಒಂದು ಹಳೆಯ ಕಗ್ಗಂಟು ಬಿಡಿಸಲು ಬಳಸಿಕೊಂಡರು.

ಕಗ್ಗಂಟು ಇದು. ಮಿದುಳಿನ ಬುಡದಲ್ಲಿ, ಬೆನ್ನುಹುರಿಯ ನೆತ್ತಿಯ ಮೇಲೆ ಮಿದುಳುಕಾಂಡವಿದೆ. ಉಸಿರಾಟ, ನುಂಗುವಿಕೆ, ರಕ್ತದೊತ್ತಡ, ಎದ್ದು ನಿಲ್ಲುವಾಗಿನ ಸಮತೋಲನ ಎಲ್ಲಕ್ಕೂ ಅದರ ಮೇಲ್ವಿಚಾರಣೆ ಬೇಕು. ಅಲ್ಲಿನ ನರಕೋಶಗಳ ಗುಂಪುಗಳಿಂದ ಹೊರಟ ತಂತುಗಳು ಬೆನ್ನುಹುರಿಗೆ ಇಳಿದು ಕೈಕಾಲು, ಬೆನ್ನು, ಕತ್ತಿನ ಸ್ನಾಯುಗಳನ್ನು ಆಳುವ ನರಕೋಶಗಳನ್ನು ಮುಟ್ಟುತ್ತವೆ. ಆದರೆ ಬೆನ್ನುಹುರಿಯನ್ನು ಅಡ್ಡ ಕೊಯ್ದು ನೋಡಿದರೆ ಕಾಣುವುದು ಒಂದೇ ತೆರನ ಬಿಳಿ ತಂತುಗಳ ರಾಶಿ. ಯಾವುದು ಎಲ್ಲಿಂದ ಬಂತು, ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಅದು ಹೇಳುವುದಿಲ್ಲ.

ಮೊದಲ ಸುಳಿವು ಕಪ್ಪೆಯ ನಾಲಿಗೆಯಿಂದ ಬಂತು. 1850ರಲ್ಲಿ ಅಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಗೆ ಹೋಗುವ ನರಗಳನ್ನು ಕತ್ತರಿಸಿದಾಗ, ಕೋಶದಿಂದ ಬೇರ್ಪಟ್ಟ ಕಡೆಯ ತುಂಡು ಮಾತ್ರ ಕರಗತೊಡಗಿತು. ಕೋಶದ ಆಸರೆಯಿಲ್ಲದೆ ತಂತು ಬದುಕದು. ಅಂದಮೇಲೆ ಹಾನಿಯಾದ ಜಾಗದಿಂದ ಆಚೆಗೆ ಸಾಯುತ್ತ ಹೋದ ತಂತುಗಳ ಜಾಡು ಹಿಡಿದರೆ ದಾರಿ ಸಿಗುತ್ತದೆ. 1880ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಮಾರ್ಕಿ ಸಾಯುತ್ತಿರುವ ತಂತುವಿನ ಕೊಬ್ಬಿನ ಹೊದಿಕೆ ಮಾತ್ರ ಕಪ್ಪಾಗುವಂತೆ ಆಸ್ಮಿಯಂ ಬಳಸಿ ಬಣ್ಣ ಹಾಕುವ ವಿಧಾನ ಕಂಡುಹಿಡಿದ. ಹಳೇ ಮನೆಯ ವೈರಿಂಗ್‌ನಲ್ಲಿ ಒಂದು ತಂತಿ ಕತ್ತರಿಸಿ ಯಾವ ಕೋಣೆಯ ದೀಪ ಆರಿತೆಂದು ನೋಡುವ ಉಪಾಯವೇ ಇದು. ತೊಂದರೆಯೂ ಅದೇ: ಎಲ್ಲಿಂದಲೋ ಬಂದು ಆ ಜಾಗವನ್ನು ಸುಮ್ಮನೆ ಹಾದುಹೋಗುವ ತಂತುಗಳೂ ಜೊತೆಗೇ ತುಂಡಾಗುತ್ತವೆ.

ಆದರೂ ಕತ್ತರಿಸುವ ಪ್ರಯೋಗಗಳು ಕಲಿಸಿದ್ದು ಕಡಿಮೆಯಲ್ಲ. 1968ರಲ್ಲಿ ಡೊನಾಲ್ಡ್ ಲಾರೆನ್ಸ್ ಮತ್ತು ಹಾನ್ಸ್ ಕೈಪರ್ಸ್, ಮಿದುಳಿನ ಮೇಲ್ಪದರದಿಂದ ನೇರವಾಗಿ ಬೆನ್ನುಹುರಿಗೆ ಇಳಿಯುವ ಹೆದ್ದಾರಿಯನ್ನು ಕೋತಿಗಳಲ್ಲಿ ಎರಡೂ ಬದಿ ಕತ್ತರಿಸಿದರು. ಪಾರ್ಶ್ವವಾಯು ಬಡಿಯುತ್ತದೆ ಎಂದು ನಾವು ಊಹಿಸುತ್ತೇವೆ. ಆದರೆ ಚೇತರಿಸಿಕೊಂಡ ಕೋತಿಗಳು ಓಡಿದವು, ಹತ್ತಿದವು. ಕಳೆದುಹೋದದ್ದು ಒಂದೊಂದೇ ಬೆರಳನ್ನು ಬೇರೆಯಾಗಿ ಆಡಿಸುವ ಚಾತುರ್ಯ. ಉಳಿದದ್ದನ್ನೆಲ್ಲ ನಡೆಸುತ್ತಿದ್ದುದು ಮಿದುಳುಕಾಂಡದ ದಾರಿಗಳು. ಅವುಗಳಲ್ಲಿ ಒಳಬದಿಯವನ್ನೂ ಕತ್ತರಿಸಿದಾಗ ಕೋತಿಗೆ ಮೈ ನೆಟ್ಟಗೆ ಹಿಡಿದು ಕೂರಲಾಗದು, ಆದರೆ ಕೈ ಇನ್ನೂ ಆಹಾರ ಎತ್ತಿಕೊಳ್ಳುತ್ತದೆ. ಹೊರಬದಿಯವನ್ನು ಕತ್ತರಿಸಿದರೆ ತದ್ವಿರುದ್ಧ: ಕೂರುತ್ತದೆ, ನಡೆಯುತ್ತದೆ, ಕೈ ಮಾತ್ರ ಸೋಲುತ್ತದೆ. ಈ ಪ್ರಯೋಗಗಳ ಕ್ರೌರ್ಯ ಮರೆಮಾಚುವಂಥದಲ್ಲ. ಆದರೆ ಇಂದಿಗೂ ವೈದ್ಯ ವಿದ್ಯಾರ್ಥಿಗಳು ಕಲಿಯುವ ಒಳಬದಿ-ಹೊರಬದಿಯ ವಿಂಗಡಣೆ ನಿಂತಿರುವುದು ಅವುಗಳ ಮೇಲೇ.

ಕತ್ತರಿಸದೆ ದಾರಿ ಕಾಣುವ ಉಪಾಯ 1970ರ ದಶಕದಲ್ಲಿ ಬಂತು. ತಂತುವಿನ ತುದಿಯಿಂದ ಕೋಶದ ಕಡೆಗೂ ಸದಾ ಸಾಗಾಟ ನಡೆಯುತ್ತಿರುತ್ತದೆ. ಹಾರ್ಸ್‌ರ‍್ಯಾಡಿಶ್ ಎಂಬ ಗೆಡ್ಡೆಯ ಕಿಣ್ವವನ್ನು ತುದಿಯ ಬಳಿ ಚುಚ್ಚಿದರೆ ತಂತು ಅದನ್ನು ಹೀರಿಕೊಂಡು ಕೋಶಕ್ಕೆ ತಲುಪಿಸುತ್ತದೆ. 1975ರಲ್ಲಿ ಕೈಪರ್ಸ್ ಮತ್ತು ಸಂಗಡಿಗರೊಬ್ಬರು ಬೆಕ್ಕಿನ ಬೆನ್ನುಹುರಿಗೆ ಇದನ್ನು ಚುಚ್ಚಿ, ಮಿದುಳುಕಾಂಡದಲ್ಲಿ ಯಾವ ಯಾವ ಕೋಶಗಳು ಬಣ್ಣ ತಳೆದವೆಂದು ಗುರುತಿಸಿದರು. ದಾರಿಯ ಮೂಲ ಸಿಕ್ಕಿತು. ಆದರೆ ಕಿಣ್ವ ಒಂದು ಕೋಶದಲ್ಲೇ ನಿಂತುಬಿಡುತ್ತದೆ. ಆ ಕೋಶಕ್ಕೆ ಆದೇಶ ಕೊಡುವವರು ಯಾರೆಂದು ತಿಳಿಯದು.

ರೇಬೀಸ್ ವೈರಸ್ ನಿಲ್ಲುವುದಿಲ್ಲ. ಒಂದು ನರಕೋಶದಿಂದ, ಅದಕ್ಕೆ ಸಂದೇಶ ಕಳಿಸುವ ಹಿಂದಿನ ಕೋಶಕ್ಕೆ, ಎರಡರ ನಡುವಿನ ಸಂಧಿಯಾದ ಸಿನಾಪ್ಸ್ ದಾಟಿ ನೆಗೆಯುತ್ತದೆ. ಸಂದೇಶ ಇಳಿಯುವ ದಿಕ್ಕಿಗೆ ಸರಿಯಾಗಿ ಎದುರು. 1995ರಲ್ಲಿ ಗೇಬ್ರಿಯೆಲಾ ಉಗೊಲಿನಿ ಇದನ್ನು ತೋರಿಸಿಕೊಟ್ಟದ್ದು ಇಲಿಯ ನಾಲಿಗೆಯ ನರದಲ್ಲಿ, ವಾಲರ್ ಕಪ್ಪೆಯಲ್ಲಿ ಕತ್ತರಿಸಿದ ನರಗಳಲ್ಲೊಂದರಲ್ಲಿ. ಸೋಂಕು ತಗಲಿದ ಕೋಶಗಳು ಬೇಗನೆ ಒಡೆದು ಅಕ್ಕಪಕ್ಕಕ್ಕೆ ಚೆಲ್ಲುವುದಿಲ್ಲವಾದ್ದರಿಂದ ಜಾಡು ಕಲಸಿಹೋಗುವುದೂ ಇಲ್ಲ. ಇಂದು ನಾಯಿಯೊಂದು ರೇಬೀಸ್‌ನಿಂದ ಸತ್ತಿತೇ ಎಂದು ಖಚಿತಪಡಿಸಲು ಪ್ರಯೋಗಾಲಯಗಳು ಕೇಳುವುದು ಕೂಡ ಮುಖ್ಯವಾಗಿ ಮಿದುಳುಕಾಂಡ ಮತ್ತು ಕಿರುಮಿದುಳಿನ ತುಣುಕನ್ನೇ.

2007ರಲ್ಲಿ ಇಯಾನ್ ವಿಕರ್‌ಶಾಮ್, ಎಡ್ವರ್ಡ್ ಕ್ಯಾಲವೇ ಮತ್ತಿತರರು ವೈರಸ್‌ನ ಹೊರಕವಚದ ಒಂದು ಪ್ರೋಟೀನಿನ ಜೀನನ್ನು ಕಿತ್ತುಹಾಕಿದರು. ಆ ಪ್ರೋಟೀನನ್ನು ಮೊದಲ ಕೋಶಕ್ಕೆ ಮಾತ್ರ ಬೇರೆಯಾಗಿ ಒದಗಿಸಿದರೆ ವೈರಸ್ ಒಂದೇ ಒಂದು ಹೆಜ್ಜೆ ನೆಗೆದು ಅಲ್ಲೇ ಉಳಿಯುತ್ತದೆ. ಈ ಅಂಗವಿಕಲ ವೈರಸ್ ಹಿಡಿದು ಬಾಸೆಲ್‌ನ ಸಿಲ್ವಿಯಾ ಆರ್ಬರ್ ತಂಡ 2014ರಲ್ಲಿ ಇಲಿಯ ಮಿದುಳುಕಾಂಡದ ಕೆಳಭಾಗದಲ್ಲಿ ಒಂದು ಪುಟ್ಟ ಗುಂಪನ್ನು ಕಂಡುಕೊಂಡಿತು. ಅದರ ನಂಟು ಹೆಚ್ಚಾಗಿ ಮುಂಗಾಲಿನ ನರಕೋಶಗಳ ಜೊತೆ. ಅದನ್ನು ಸುಮ್ಮನಾಗಿಸಿದರೆ ಇಲಿ ಎಂದಿನಂತೆಯೇ ನಡೆಯುತ್ತದೆ. ಆದರೆ ಮುಂಗಾಲು ಚಾಚಿ ಕಾಳು ಹಿಡಿಯಲು ಹೋದಾಗ ತಪ್ಪುತ್ತದೆ. ಚಾತುರ್ಯವೆಲ್ಲ ಮಿದುಳಿನ ಮೇಲ್ಪದರದ್ದು, ಮಿದುಳುಕಾಂಡಕ್ಕೆ ಒರಟು ಕೆಲಸವಷ್ಟೇ ಎಂಬ ಎಣಿಕೆ ಅಲ್ಲಿಗೆ ಸಡಿಲವಾಯಿತು.

ಮನುಷ್ಯರಿಗೆ ಈ ವೈರಸ್ ಚುಚ್ಚುವ ಮಾತೇ ಇಲ್ಲ. ಎಂಆರ್‌ಐ ಯಂತ್ರ ತಂತುಗಳಗುಂಟ ನೀರಿನ ಚಲನೆ ಅಳೆದು ದಾರಿಗಳ ಚಿತ್ರ ಬಿಡಿಸುತ್ತದೆ, ಆದರೆ ಸಂದೇಶ ಏರುತ್ತಿದೆಯೋ ಇಳಿಯುತ್ತಿದೆಯೋ ಅದಕ್ಕೆ ಗೊತ್ತಾಗದು. ಹಾಗಾಗಿ ಮಾನವ ನಕ್ಷೆಯ ದೊಡ್ಡ ಭಾಗ ಈಗಲೂ ಶವಪರೀಕ್ಷೆಯಿಂದ ಬಂದದ್ದೇ. ಪೀಟರ್ ನೇಥನ್ ಮತ್ತು ಮೇರಿಯನ್ ಸ್ಮಿತ್ ಆ ಕೆಲಸದಲ್ಲಿ ಹಳೆಯ ಮಾರ್ಕಿ ಬಣ್ಣವನ್ನೇ ನೆಚ್ಚಿಕೊಂಡಿದ್ದರು. ಬೆಕ್ಕಿನಲ್ಲಿ ಮಿದುಳುಕಾಂಡದ ಕೆಂಪು ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪಿನಿಂದ ಹೊರಡುವ ದಾರಿ ಬೆನ್ನುಹುರಿಯ ಕೆಳಗಿನವರೆಗೂ ಇಳಿಯುತ್ತದೆ. ಮನುಷ್ಯರಲ್ಲಿ ಅದು ಬಲು ಸಣ್ಣದು, ಕುತ್ತಿಗೆಯ ಮೇಲ್ಭಾಗ ದಾಟುವುದೇ ಕಷ್ಟ ಎಂದು ಅವರು 1982ರಲ್ಲಿ ವರದಿ ಮಾಡಿದರು. ಬೆಕ್ಕಿನಲ್ಲೋ ಇಲಿಯಲ್ಲೋ ಸಿಕ್ಕ ನಕ್ಷೆಯನ್ನು ಬೆನ್ನುಹುರಿ ಪೆಟ್ಟಾದ ರೋಗಿಯ ಚಿಕಿತ್ಸೆಗೆ ತರುವ ಮುನ್ನ ಮನುಷ್ಯರಲ್ಲಿ ಆ ದಾರಿ ಇದೆಯೇ ಎಂದು ನೋಡಬೇಕಾಗುತ್ತದೆ.