ಗುಂಡಿ ಒತ್ತಿದರೂ ಏಳದ ಟಿ.ವಿ.

ಮನೆಯಲ್ಲಿ ಒಂದು ವಸ್ತು ಕಾಣೆಯಾದರೆ ಮೊದಲು ಮಕ್ಕಳ ಮೇಲೆ, ಆಮೇಲೆ ಬೆಕ್ಕಿನ ಮೇಲೆ, ಕೊನೆಗೆ ಮುದುಕರ ಮೇಲೆ ಅನುಮಾನ ಹೋಗುವುದು ಲೋಕರೂಢಿ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದ್ದರಿಂದ ಟಿ.ವಿ.ಯ ರಿಮೋಟು ಕಳೆದ ದಿನ ಮಗನನ್ನು ವಿಚಾರಿಸಿ ಮುಗಿಸಿದೊಡನೆ ನಾವು ನೇರವಾಗಿ ನಮ್ಮ ಅವ್ವನ ದಿಂಬಿನ ಕೆಳಗೆ ಕೈಹಾಕಿದೆವು. ಸಿಕ್ಕಿದ್ದು ಜಪಮಾಲೆ ಮಾತ್ರ. ಎರಡು ದಿನದ ಮೇಲೆ ಸಂಗತಿ ಬೆಳಕಿಗೆ ಬಂತು. ಹಳೆಯ ಪತ್ರಿಕೆಗಳ ಕಟ್ಟಿನೊಳಗೆ ಸೇರಿ ಆ ರಿಮೋಟು ರದ್ದಿಯವನ ತಕ್ಕಡಿ ಹತ್ತಿತ್ತು. ಕಟ್ಟು ಕಟ್ಟಿದವರು ನಾವೇ!

ನಮ್ಮ ಅವ್ವ ಗದಗಿನ ಕಡೆಯವರು. ತಂದೆಯವರು ತೀರಿಕೊಂಡ ಮೇಲೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಬಂದಿದ್ದಾರೆ. ಬೆಳಿಗ್ಗೆ ನಾವು ಲೋಕಲ್ ಹಿಡಿದು ಕಚೇರಿಗೆ ಹೊರಟರೆ, ನಮ್ಮ ಮನೆಯವರು ಶಾಲೆಗೆ ಪಾಠ ಹೇಳಲು ಹೋಗುತ್ತಾರೆ, ಮಗ ಪಾಠ ಕೇಳಲು ಹೋಗುತ್ತಾನೆ. ಸಂಜೆಯ ತನಕ ಅವ್ವ ಒಬ್ಬರೇ. ಎದುರುಮನೆಯ ಕಾಕೂ ಆಗಾಗ ಬಂದು ಮರಾಠಿಯಲ್ಲಿ ಕಷ್ಟ ಸುಖ ಹೇಳುತ್ತಾರೆ, ಅವ್ವ ಕನ್ನಡದಲ್ಲಿ ಸಮಾಧಾನ ಹೇಳುತ್ತಾರೆ. ಉಳಿದ ಹೊತ್ತಿಗೆಲ್ಲ ಅವರ ಕಿವಿಗೆ ಕನ್ನಡ ಬೀಳಬೇಕಾದರೆ ಟಿ.ವಿ.ಯೇ ಗತಿ. ನಮ್ಮ ಕಟ್ಟಡದ ಕೇಬಲ್ಲಿನಲ್ಲಿ ಕನ್ನಡವಿಲ್ಲ. ಅದಕ್ಕಾಗಿ ಟಿ.ವಿ.ಯ ಬೆನ್ನಿಗೆ ಬೆರಳುದ್ದದ ಒಂದು ಸ್ಟಿಕ್ ಸಿಕ್ಕಿಸಿ, ಅಂತರ್ಜಾಲದ ಮೂಲಕ ಮಧ್ಯಾಹ್ನದ ಸುದ್ದಿ, ವಚನಗಾಯನ, ಒಂದೆರಡು ಧಾರಾವಾಹಿ ಬರುವಂತೆ ಮಾಡಿದ್ದೆವು. ಇದು ಅವ್ವನ ಊರು, ಅವ್ವನ ಓಣಿ, ಅವ್ವನ ಕಟ್ಟೆ ಎಂದರೂ ಸರಿಯೇ. ಇಂಥ ಮನೆಗಳು ನಮ್ಮ ವಾಚಕರಲ್ಲಿ ಎಷ್ಟೋ ಇದ್ದಾವು. ಆದ್ದರಿಂದಲೇ ಈ ಬರಹ.

ರಿಮೋಟಿನ ವಂಶಾವಳಿ ಸ್ವಾರಸ್ಯವಾಗಿದೆ. ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ಮಾಡಿದ ರಿಮೋಟಿಗೆ ಟಿ.ವಿ.ಯವರೆಗೂ ಉದ್ದನೆಯ ತಂತಿಯಿತ್ತು. ಮನೆಮಂದಿ ಅದನ್ನು ಎಡವುತ್ತಿದ್ದರು. 1955ರಲ್ಲಿ ಯೂಜೀನ್ ಪಾಲಿ ಎಂಬವರು ಬೆಳಕಿನ ಕಿರಣ ಬಿಡುವ ರಿಮೋಟನ್ನು ತಂದರು. ತಂತಿಯ ಕಾಟ ತಪ್ಪಿತು. ಆದರೆ ಟಿ.ವಿ.ಯ ಮೇಲೆ ಬಿಸಿಲು ಬಿದ್ದರೂ ಅದು ರಿಮೋಟಿನ ಬೆಳಕೆಂದೇ ತಿಳಿಯುತ್ತಿತ್ತು. 1956ರಲ್ಲಿ ರಾಬರ್ಟ್ ಆಡ್ಲರ್ ಎಂಬವರು ಅಲ್ಯುಮಿನಿಯಮ್ ಸರಳುಗಳನ್ನು ತಟ್ಟಿ, ಮನುಷ್ಯರ ಕಿವಿಗೆ ಕೇಳಿಸದ ನಾದದಿಂದ ಟಿ.ವಿ. ನಡೆಸುವ ಉಪಾಯ ಕಂಡರು. ಅದಕ್ಕೆ ಬ್ಯಾಟರಿಯೇ ಬೇಕಿರಲಿಲ್ಲ. ಆಮೇಲೆ ಬಂದದ್ದು ಇಂದಿಗೂ ಬಳಕೆಯಲ್ಲಿರುವ ಅವಗೆಂಪು ಕಿರಣದ ರಿಮೋಟು. ಅದು ಎದುರಿಗೆ ಹಿಡಿದರೆ ಕೆಲಸ ಮಾಡುತ್ತದೆ, ನಡುವೆ ಯಾರಾದರೂ ನಿಂತರೆ ಇಲ್ಲ. ಟಿ.ವಿ.ಯ ಬೆನ್ನಿಗೆ ಅಡಗಿರುವ ಸ್ಟಿಕ್ಕಿಗೆ ಆ ಕಿರಣ ತಲುಪಲಾರದು. ಆದಕಾರಣ ಇಂಥವುಗಳ ರಿಮೋಟುಗಳು ಹೆಚ್ಚಾಗಿ ಬ್ಲೂಟೂತ್ ಎಂಬ ರೇಡಿಯೋ ಅಲೆಯಿಂದ ಮಾತನಾಡುತ್ತವೆ.

ಈ ವಂಶದ ಕೊನೆಯ ಕುಡಿಯೇ ವರ್ಚುವಲ್ ರಿಮೋಟು. ಕೈಗೆ ಸಿಗುವ ವಸ್ತುವಲ್ಲ, ಫೋನಿನ ಪರದೆಯ ಮೇಲೆ ಮೂಡುವ ಚಿತ್ರ. ಸೂರ್ಯನ ಹೆಂಡತಿ ತನ್ನ ಬದಲಿಗೆ ಛಾಯೆಯನ್ನು ನಿಲ್ಲಿಸಿ ಹೋದಳಂತೆ, ಹಾಗೆ ರಿಮೋಟಿನ ಬದಲಿಗೆ ನಿಂತ ಛಾಯಾ ರಿಮೋಟು ಎನ್ನೋಣ. ಅದರ ಮೇಲೆ ಬೆರಳಿಟ್ಟರೆ ಆಜ್ಞೆ ಟಿ.ವಿ.ಗೆ ನೇರವಾಗಿ ಹೋಗುವುದಿಲ್ಲ. ಮೊದಲು ವೈಫೈ ಮೂಲಕ ಮನೆಯ ರೌಟರಿಗೆ, ಅಲ್ಲಿಂದ ಸ್ಟಿಕ್ಕಿಗೆ. ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನವರಿಗೆ ಕೊಡುವ ಕಾಗದವೂ ಟಪಾಲು ವಿಭಾಗದ ಮೂಲಕವೇ ಹೋಗಬೇಕಲ್ಲವೆ, ಹಾಗೆಯೇ!

ರಿಮೋಟು ರದ್ದಿಗೆ ಹೋದಾಗ ಹೊಸದು ಕೊಳ್ಳುವುದು ಸುಲಭವಾಗಿತ್ತು. ಆದರೆ ನಮಗೆ ಬಿ.ಎ. ಓದಿದ ಹೆಮ್ಮೆಯೂ, ತಿಂಗಳ ಕೊನೆಯ ವಾರವೂ ಒಟ್ಟಿಗೆ ಕೂಡಿಬಂದವು. ಮನೆಯ ದೀಪ, ಫ್ಯಾನು, ಟಿ.ವಿ.ಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ತಂತ್ರಾಂಶಗಳುಂಟು. 2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬವರು ಆರಂಭಿಸಿದ ಹೋಮ್ ಅಸಿಸ್ಟೆಂಟ್ ಅಂಥದೊಂದು. ಬೆಲೆಯಿಲ್ಲದೆ ಸಿಗುತ್ತದೆ. ನಾವೂ ಅಂಗೈಯಗಲದ ಒಂದು ಕಂಪ್ಯೂಟರಿನಲ್ಲಿ ಇಂಥ ಏರ್ಪಾಡು ಮಾಡಿ, ಅದಕ್ಕೆ ‘ಕಾರಭಾರಿ’ ಎಂದು ಹೆಸರಿಟ್ಟಿದ್ದೆವು. ಈಗ ಹಳೆಯ ಟ್ಯಾಬ್ ಒಂದನ್ನು ಅವ್ವನ ಮಂಚದ ಪಕ್ಕದ ಗೋಡೆಗೆ ಕೂರಿಸಿ, ಅದರ ಮೇಲೆ ಹಪ್ಪಳದಷ್ಟು ದೊಡ್ಡ ಗುಂಡಿಗಳನ್ನು ಮೂಡಿಸಿದೆವು: ‘ಸುದ್ದಿ’, ‘ವಚನ’, ‘ದನಿ ಹೆಚ್ಚು’, ‘ದನಿ ಕಡಿಮೆ’, ‘ಸಾಕು’. ಅವ್ವನ ಕಣ್ಣು ಮಂಜು, ಬೆರಳಿಗೆ ವಾತ. ಸಣ್ಣ ರಿಮೋಟಿಗಿಂತ ಇದೇ ಅವರಿಗೆ ಹಿತವಾಯಿತು. ಮೂರು ವಾರ ಮನೆಯಲ್ಲಿ ನಮ್ಮ ಮರ್ಯಾದೆಯೂ ಏರಿತ್ತು.

ಒಂದು ಮಂಗಳವಾರ ಕಟ್ಟಡದ ದುರಸ್ತಿಗೆಂದು ಮಧ್ಯಾಹ್ನದ ತನಕ ಕರೆಂಟು ತೆಗೆದರು. ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಮಗ, “ಅಜ್ಜಿ ಮೂರು ದಿನದಿಂದ ಟಿ.ವಿ. ನೋಡಿಲ್ಲ, ಸುಮ್ಮನೆ ಕಿಟಕಿ ನೋಡ್ತಾಳೆ” ಎಂದ. ನಾವು ಅವ್ವನ ಕಡೆ ತಿರುಗಿದೆವು.

“ಗುಂಡಿ ಒತ್ತಿದ್ರ ಏನೂ ಆಗಲಿಲ್ಲ ತಮ್ಮಾ. ನಾನ ಏನೋ ತಪ್ಪ ಒತ್ತೀನಿ ಅನಸ್ತು. ಮತ್ತ ಮುಟ್ಟೇ ಇಲ್ಲ.”

ಇಲ್ಲಿ ನಾವೊಂದು ತಪ್ಪು ಮಾಡಿದೆವು. ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. “ಎಲ್ಲೆಲ್ಲೋ ಒತ್ತಿರಬೇಕವ್ವ, ಮೆಲ್ಲಗ ಒತ್ತಬೇಕು” ಎಂದುಬಿಟ್ಟೆವು. ಅವ್ವ ಮಾತಾಡಲಿಲ್ಲ. ಕೈತೊಳೆದು ಬಂದ ಮೇಲೆ, “ಬರೋ ಅಮಾಸಿಗೆ ನನ್ನ ಗದಗಿನ ಗಾಡಿ ಹತ್ತಿಸಿಬಿಡು. ಅಲ್ಲಿ ಟಿ.ವಿ. ಇಲ್ಲದಿದ್ರೂ ಕಟ್ಟಿ ಐತಿ, ಕಟ್ಟಿ ಮ್ಯಾಲ ಮಂದಿ ಅದಾರ” ಎಂದರು. ಅವ್ವ ಸಿಟ್ಟಿನಿಂದ ಹೇಳಿದ್ದರೆ ನಮಗೆ ಇಷ್ಟು ನಾಟುತ್ತಿರಲಿಲ್ಲ.

ಅಂದು ರಾತ್ರಿಯೇ ಶೋಧನೆ ಪ್ರಾರಂಭವಾಯಿತು. ಸ್ಟಿಕ್ಕನ್ನು ಕಿತ್ತು ಹಾಕಿದೆವು. ಗೋಡೆಯ ಪ್ಲಗ್ಗು ಸಡಿಲವಾಗಿರಬಹುದೆಂದು ಅದರ ತಂತಿಯನ್ನು ಟಿ.ವಿ.ಯದೇ ಯು.ಎಸ್.ಬಿ. ರಂಧ್ರಕ್ಕೆ ಸಿಕ್ಕಿಸಿದೆವು. ಟ್ಯಾಬನ್ನು ಆರಿಸಿ ಹೊತ್ತಿಸಿದೆವು. ಗುಂಡಿ ಒತ್ತಿದರೆ ಟಿ.ವಿ. ಕಲ್ಲು ಬಸವನಂತೆ ಕುಳಿತಿತ್ತು. ನಮ್ಮ ಫೋನಿನಲ್ಲಿ ಆ ಸ್ಟಿಕ್ಕಿನದೇ ಆ್ಯಪ್ ಇತ್ತು. ಅದರಿಂದ ಒತ್ತಿದರೆ ಮಾತ್ರ ತಟ್ಟನೆ ಎಚ್ಚರವಾಯಿತು. ನಾವು ಇನ್ನಷ್ಟು ತಲೆಕೆಡಿಸಿಕೊಂಡೆವು. ಪರೀಕ್ಷೆಯ ಕಾಗದ ತಿದ್ದುತ್ತ ಕುಳಿತಿದ್ದ ನಮ್ಮ ಮನೆಯವರು ತಲೆಯೆತ್ತದೆಯೇ ಹೇಳಿದರು: “ನಿಮ್ಮ ಫೋನಿನ ಮಾತು ಕೇಳತೈತಿ, ಅತ್ತಿ ಟ್ಯಾಬಿನ ಮಾತು ಕೇಳಂಗಿಲ್ಲ. ಅಂದ್ರ ಟಿ.ವಿ. ಕೆಟ್ಟಿಲ್ಲ, ಅತ್ತೀನೂ ಕೆಡಿಸಿಲ್ಲ. ನಡುವ ಎಲ್ಲೋ ಕಾಗದ ನಿಂತೈತಿ ನೋಡ್ರಿ.”

ಗುಮಾಸ್ತನ ಹೆಂಡತಿಯ ಮಾತು! ಅದರಲ್ಲಿಯೇ ಉತ್ತರವಿತ್ತು.

ಮನೆಯ ರೌಟರು ತನ್ನೊಡನೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಕೊಡುತ್ತದೆ. 192.168.1.7 ಎಂಬಂತೆ ಇರುತ್ತದೆ. ಇದು ಶಾಶ್ವತವಾದ ಸ್ವಂತ ಮನೆಯಲ್ಲ, ಬಾಡಿಗೆಯದು. ಕರೆಂಟು ಹೋಗಿ ಬಂದರೆ ಕೆಲವು ರೌಟರುಗಳು ಹಂಚಿಕೆಯನ್ನು ಹೊಸದಾಗಿ ಮಾಡುತ್ತವೆ. ಫೋನಿನ ಆ್ಯಪ್ ಪ್ರತಿ ಸಲವೂ ಮನೆಯ ಜಾಲದಲ್ಲಿ ಸ್ಟಿಕ್ಕನ್ನು ಹುಡುಕಿಕೊಳ್ಳುತ್ತದೆ, ಆದ್ದರಿಂದ ಅದಕ್ಕೆ ತೊಂದರೆಯಿಲ್ಲ. ನಮ್ಮ ಕಾರಭಾರಿಗಾದರೋ ನಾವು ಕೈಯಾರೆ 7 ಎಂಬ ಕೊನೆಯುಳ್ಳ ವಿಳಾಸ ಬರೆದುಕೊಟ್ಟಿದ್ದೆವು. ರೌಟರಿನ ಪಟ್ಟಿ ತೆರೆದು ನೋಡಿದರೆ ಮಂಗಳವಾರದ ಮೇಲೆ ಸ್ಟಿಕ್ಕು 12ಕ್ಕೆ ಬಿಡಾರ ಬದಲಿಸಿತ್ತು. 7ರಲ್ಲಿ ಈಗ ಮಗನ ಲ್ಯಾಪ್‌ಟಾಪು ವಾಸವಾಗಿತ್ತು. ಅವ್ವನ ‘ವಚನ’, ‘ಸುದ್ದಿ’ ಎಂಬ ಆಜ್ಞೆಗಳು ಲೆಕ್ಕದ ಪಾಠ ಹೇಳುವ ಯಂತ್ರದ ಬಾಗಿಲು ತಟ್ಟಿ, ಅರ್ಥವಾಗದೆ ಅಲ್ಲಿಯೇ ಬಿದ್ದುಹೋಗಿದ್ದವು. ವರ್ಗವಾದ ಅಧಿಕಾರಿಯ ಹಳೆಯ ಮೇಜಿಗೆ ಕಾಗದ ಕಳಿಸುತ್ತಿದ್ದವರು ನಾವು, ಬೈಸಿಕೊಂಡವರು ಅವ್ವ.

ಪರಊರಿಗೆ ಬಂದು ನಾಲ್ಕು ಬಾಡಿಗೆ ಮನೆ ಬದಲಿಸಿದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಮಾಟುಂಗದ ಹಳೆಯ ವಿಳಾಸಕ್ಕೆ ಬಂದ ಊರಿನ ಮದುವೆಯ ಕರೆಯೋಲೆ ನಮ್ಮ ಕೈಸೇರುವ ಹೊತ್ತಿಗೆ ಮದುಮಗಳ ಸೀಮಂತವಾಗಿತ್ತು!

ಪರಿಹಾರ ಹತ್ತು ನಿಮಿಷದ್ದು. ಪ್ರತಿ ಯಂತ್ರಕ್ಕೂ ಹುಟ್ಟುಗುರುತಿನಂತೆ ಹನ್ನೆರಡು ಅಂಕೆ ಅಕ್ಷರಗಳ ಒಂದು ಸಂಖ್ಯೆಯಿರುತ್ತದೆ. ರೌಟರಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಕಡೆ ಆ ಸಂಖ್ಯೆಯನ್ನು ಬರೆದು, ಇದಕ್ಕೆ ಯಾವಾಗಲೂ ಇದೇ ವಿಳಾಸ ಎಂದು ಕಾಯಂ ಮಾಡಬಹುದು. ಹಾಗೆ ಮಾಡಿ, ಕಾರಭಾರಿಗೂ ಅದೇ ವಿಳಾಸವನ್ನು ತಿಳಿಸಿ, ಗುಂಡಿ ಒತ್ತಿದೆವು. ಬಂತು! ಅವ್ವ ಮಲಗಿಬಿಟ್ಟಿದ್ದರು.

ಬೆಳಿಗ್ಗೆ ಅವರ ಕೈಯಿಂದಲೇ ಒತ್ತಿಸಿದೆವು. ಮತ್ತೆ ಕಲ್ಲು ಬಸವ! ಈ ಸಲ ಅವ್ವನನ್ನು ಏನೂ ಕೇಳಲಿಲ್ಲ. ಹಿಂದಿನ ರಾತ್ರಿ ನಾವೇ ಮಾಡಿದ್ದೇನು ಎಂದು ಒಂದೊಂದಾಗಿ ನೆನೆದೆವು. ಟಿ.ವಿ.ಯ ಯು.ಎಸ್.ಬಿ. ರಂಧ್ರದಿಂದ ಸ್ಟಿಕ್ಕಿಗೆ ಕರೆಂಟು ಕೊಟ್ಟಿದ್ದೆವಲ್ಲ, ಎಷ್ಟೋ ಟಿ.ವಿ.ಗಳು ಆರಿದೊಡನೆ ಆ ರಂಧ್ರದ ಕರೆಂಟೂ ನಿಲ್ಲುತ್ತದೆ. ರಾತ್ರಿ ಟಿ.ವಿ. ಹೊತ್ತಿತ್ತು, ಕೆಲಸ ಮಾಡಿತು. ಬೆಳಿಗ್ಗೆ ಆರಿತ್ತು, ಸ್ಟಿಕ್ಕಿಗೆ ಜೀವವೇ ಇರಲಿಲ್ಲ. ತಂತಿಯನ್ನು ಮತ್ತೆ ಗೋಡೆಯ ಅಡಾಪ್ಟರಿಗೆ ಹಾಕಿದೆವು. ಸ್ಟಿಕ್ಕು ಎದ್ದು, ಎಚ್.ಡಿ.ಎಂ.ಐ. ಜೋಡಣೆಯ ಮೂಲಕ ಟಿ.ವಿ.ಯನ್ನೂ ಎಬ್ಬಿಸಿತು.

ಇದರಿಂದ ಕಲಿತದ್ದನ್ನು, ಇಂಥ ಏರ್ಪಾಡುಳ್ಳ ವಾಚಕರ ಉಪಯೋಗಕ್ಕಾಗಿ ಕ್ರಮವಾಗಿ ಬರೆದಿಡುತ್ತೇವೆ.

ಮೊದಲನೆಯದಾಗಿ, ಸ್ಟಿಕ್ಕಿಗೆ ಅದರದೇ ಅಡಾಪ್ಟರಿನಿಂದ ಕರೆಂಟು ಬರುತ್ತಿದೆಯೇ ನೋಡಿರಿ. ಎರಡನೆಯದಾಗಿ, ಫೋನು, ಟ್ಯಾಬು, ಸ್ಟಿಕ್ಕು ಮೂರೂ ಒಂದೇ ವೈಫೈಯಲ್ಲಿವೆಯೇ ನೋಡಿರಿ. ನೆಂಟರಿಗೆಂದು ಇಟ್ಟ ಅತಿಥಿ ವೈಫೈಯಲ್ಲಿ ಸೇರಿದ ಯಂತ್ರಕ್ಕೆ ಅಂತರ್ಜಾಲ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಮನೆಯ ಉಳಿದ ಯಂತ್ರಗಳ ಸಂಪರ್ಕ ಸಿಗದು. ಮೂರನೆಯದು, ವಿಳಾಸ ಬದಲಾಗಿದೆಯೇ ಎಂಬುದು. ಕರೆಂಟು ಹೋಗಿ ಬಂದ ಮೇಲೆ ಕೆಟ್ಟರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ನಾಲ್ಕನೆಯದು, ಪರಿಚಯ ಉಳಿದಿದೆಯೇ ಎಂಬುದು. ಆಂಡ್ರಾಯ್ಡ್ ಟಿ.ವಿ. ಜಾತಿಯವು ಮೊದಲ ಸಲ ಟಿ.ವಿ. ಪರದೆಯ ಮೇಲೆ ಆರು ಅಕ್ಷರದ ಸಂಕೇತ ತೋರಿಸಿ, ಅದನ್ನು ಫೋನಿನಲ್ಲಿ ಬರೆದವರ ಮಾತನ್ನು ಮಾತ್ರ ಕೇಳುತ್ತವೆ. ಸ್ಟಿಕ್ಕಿನ ನೆನಪನ್ನೆಲ್ಲ ಅಳಿಸಿದರೆ ಈ ಪರಿಚಯವನ್ನು ಮತ್ತೆ ಮಾಡಿಸಬೇಕು. ರೋಕು ಎಂಬ ಜಾತಿಯಲ್ಲಿ, ಮೊಬೈಲ್ ಆ್ಯಪ್‌ಗಳ ಆಜ್ಞೆ ಕೇಳಬೇಕೋ ಬೇಡವೋ ಎಂಬುದನ್ನು ತಿಳಿಸುವ ಒಂದು ಆಯ್ಕೆ ಅದರ ಸೆಟ್ಟಿಂಗಿನಲ್ಲಿಯೇ ಇದೆ. ಇಷ್ಟೆಲ್ಲ ನೋಡುವ ಮೊದಲು ಸ್ಟಿಕ್ಕಿನ ನೆನಪು ಅಳಿಸುವ ಸಾಹಸ ಬೇಡ. ಒಂದೊಂದೇ ಬದಲಾವಣೆ ಮಾಡಿ, ಏನು ಬದಲಿಸಿದಿರೆಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ನಾವು ಬರೆದುಕೊಳ್ಳದೆ ಎರಡನೆಯ ತೊಂದರೆಯನ್ನು ನಾವೇ ತಂದುಕೊಂಡೆವು.

ಐದನೆಯದನ್ನು ನಮ್ಮ ಮನೆಯವರು ಸೇರಿಸಿದ್ದಾರೆ. ಹಣ ಹೋದರೆ ಹೋಗಲಿ, ನಿಜವಾದ ರಿಮೋಟು ಒಂದಿರಲಿ. ಛಾಯಾ ರಿಮೋಟು ನಡೆಯಬೇಕಾದರೆ ಟ್ಯಾಬು, ರೌಟರು, ಕಾರಭಾರಿ ಎಲ್ಲವೂ ನೆಟ್ಟಗಿರಬೇಕು. ಅವುಗಳಲ್ಲಿ ಒಂದು ಮುನಿದರೂ, ಮನೆಯಲ್ಲಿ ಒಬ್ಬರೇ ಇರುವವರು ಮುನಿದದ್ದು ಯಾರೆಂದು ತಿಳಿಯದೆ ತಮ್ಮನ್ನೇ ದೂರಿಕೊಳ್ಳುತ್ತಾರೆ. ಮನೆಯನ್ನು ಜಾಣ ಮಾಡಹೊರಟು, ಅದರ ಬೀಗದಕೈಯನ್ನೆಲ್ಲ ನಮ್ಮ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋಗಿದ್ದೆವು. ಹೊಸ ರಿಮೋಟು ಈಗ ಅವ್ವನ ಮಂಚದ ಕಾಲಿಗೆ ದಾರದಲ್ಲಿ ತೂಗುತ್ತಿದೆ. ರದ್ದಿಯ ಕಟ್ಟನ್ನು ಮಗ ಕಟ್ಟುತ್ತಾನೆ.

ಶನಿವಾರ ರಾತ್ರಿ ಅವ್ವನಿಗೆ, “ತಪ್ಪು ನಂದವ್ವ. ನೀ ಸರಿ ಒತ್ತಿದ್ದಿ” ಎಂದೆವು. “ಹೌದೇನು?” ಎಂದು ಒಂದು ಗಳಿಗೆ ನಮ್ಮ ಮುಖ ನೋಡಿ, “ಹಂಗಾದ್ರ ಅಮಾಸಿ ಹೋಗಲಿ, ಯುಗಾದಿಗೆ ಎಲ್ಲಾರೂ ಕೂಡೇ ಹೋಗೂಣು” ಎಂದರು.

ಹದಿನೈದು ದಿನ ಕಳೆದು ಮತ್ತೆ ಕರೆಂಟು ಹೋಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಕಚೇರಿಯಲ್ಲಿ ನಮ್ಮ ಫೋನು ಬಾರಿಸಿತು. ಮೇಲಧಿಕಾರಿಗಳ ಕಣ್ಣು ತಪ್ಪಿಸಿ ಮೊಗಸಾಲೆಗೆ ಓಡಿದೆವು.

“ತಮ್ಮಾ, ಕರೆಂಟು ಹೋಗಿ ಬಂತು.”

“ಟಿ.ವಿ.?”

“ಬಂತು. ನೀ ಚಿಂತಿ ಮಾಡಬಾರ್ದಂತ ಹೇಳಿದೆ. ಈಗ ಫೋನ್ ಇಡು, ವಚನ ಶುರು ಆಗ್ಯಾವು.”