ದಂಡು ದಾಟಿಸಿದ ಹರಿಗೋಲು

ದೇವದುರ್ಗದ ಬಡಗಣಕ್ಕೆ ಕೃಷ್ಣೆ, ಮಾನ್ವಿಯ ತೆಂಕಣಕ್ಕೆ ತುಂಗಭದ್ರೆ. ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ತಲೆಮಾರುಗಟ್ಟಲೆ ಕಾದಾಡಿದರು. ಆ ಕಥೆ ಹೇಳುವಾಗ ನಾವು ರಾಯಚೂರು ಕೋಟೆಯ ಕಲ್ಲುಗಳನ್ನಷ್ಟೇ ತೋರಿಸುತ್ತೇವೆ. ಆದರೆ ಕೋಟೆ ಮುಟ್ಟುವ ಮೊದಲು ದಂಡು ಹೊಳೆ ದಾಟಬೇಕಿತ್ತು. ದಾಟಿಸಿದ್ದು ಹರಿಗೋಲು, ಇಲ್ಲಿನವರ ಬಾಯಲ್ಲಿ ತೆಪ್ಪ.

ಬಿದಿರಿನ ದಬ್ಬೆ ಹೆಣೆದು ಅಗಲವಾದ ದುಂಡು ಬುಟ್ಟಿ ಮಾಡಿ, ಅಂಚನ್ನು ದಪ್ಪಗೆ ಬಿಗಿಯುತ್ತಾರೆ. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಇದಕ್ಕೆ ಹಿಂದುಮುಂದಿಲ್ಲ, ಚುಕ್ಕಾಣಿಯಿಲ್ಲ. ತಳ ಚಪ್ಪಟೆಯಾದ್ದರಿಂದ ತೆಳು ನೀರಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಬಾಗಿ ಜಾರಿಕೊಳ್ಳುತ್ತದೆ. ಬಂಡೆಗಳೇ ತುಂಬಿದ ಈ ಹೊಳೆಗಳಲ್ಲಿ ಹಲಗೆ ದೋಣಿಗೆ ಆ ಗುಣವಿಲ್ಲ. ಸೆಳವು ಕೆಳಕ್ಕೆ ಎಳೆಯುತ್ತದೆಂದು ಅಂಬಿಗ ಮೇಲಿನಿಂದಲೇ ತೆಪ್ಪ ಬಿಟ್ಟು, ಹುಟ್ಟು ಹಾಕುತ್ತ, ತಿರುಗಿಸುತ್ತ ದಡ ಸೇರಿಸುತ್ತಾನೆ.

1398ರಲ್ಲಿ ಫಿರೋಜ್ ಷಾ ಬಹಮನಿಗೆ ಕೃಷ್ಣೆಯ ಆಚೆ ದಡದಲ್ಲಿ ವಿಜಯನಗರದ ಸೈನ್ಯ ಅಡ್ಡ ನಿಂತಿತ್ತು. ಸುಲ್ತಾನನ ಕಡೆಯ ಖಾಜಿ ಸಿರಾಜ್ ಎಂಬಾತ ವೇಷ ಮರೆಸಿಕೊಂಡು ಪಾಳೆಯ ಹೊಕ್ಕು ರಾಜಕುಮಾರನನ್ನು ಕೊಂದ. ಆ ಗದ್ದಲದ ಇರುಳಲ್ಲಿ ಸುಲ್ತಾನನ ಸೈನಿಕರು ಚರ್ಮ ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟಿದರೆಂಬ ವೃತ್ತಾಂತ ಇತಿಹಾಸಕಾರ ಫರಿಷ್ತಾನಲ್ಲಿದೆ. 1520ರಲ್ಲಿ ಪಾಳಿ ತಿರುಗಿತು. ಕೃಷ್ಣೆ ದಾಟಿ ಬಂದ ಬಿಜಾಪುರದ ಇಸ್ಮಾಯಿಲ್ ಆದಿಲ್‌ಷಾ ಕೃಷ್ಣದೇವರಾಯನಿಗೆ ಸೋತ. ಹಿಂದಕ್ಕೆ ಓಡಿದವರಲ್ಲಿ ಎಷ್ಟೋ ಮಂದಿ ಹೊಳೆಯ ಪಾಲಾದರು. ದಾಟುವುದಕ್ಕಿಂತ ಮರಳಿ ದಾಟುವುದು ಎಷ್ಟು ಕಠಿಣವೆಂದು ಅಂದು ತಿಳಿದಿರಬೇಕು.

ಅದೇ ಕಾಲದಲ್ಲಿ ಆನೆಗೊಂದಿಯಲ್ಲಿ ಹರಿಗೋಲು ಕಂಡ ಪೋರ್ಚುಗೀಸ್ ಪಯಣಿಗ ಪಾಯೆಸ್, ಅದರಲ್ಲಿ 15–20 ಜನ ಹಿಡಿಸುತ್ತಾರೆ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂದು ಬರೆದ. ಈ ಕೊನೆಯ ಮಾತು ನನಗೆ ಬಹಳ ದೊಡ್ಡದೆನಿಸುತ್ತದೆ. ಹೋಲಿಕೆಗೆ ದೂರದ ಇಂಗ್ಲೆಂಡನ್ನು ನೋಡಿ. ಅಲ್ಲಿನ ದೊರೆ ಎರಡನೇ ಚಾರ್ಲ್ಸ್‌ಗೆ 1660ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರ ‘ಮೇರಿ’ ಎಂಬ ವಿಹಾರನೌಕೆ ಕೊಟ್ಟಿತು. ಅಂಥ ರಾಜನೌಕೆಗಳು ಯುದ್ಧ ಬಂದಾಗ ಓಲೆ ಒಯ್ಯಲು, ಶತ್ರುವಿನ ಸುಳಿವು ತರಲು ನೌಕಾಪಡೆಯ ಜೊತೆ ಹೋಗುತ್ತಿದ್ದವು. ಅಲ್ಲಿ ಅರಸನ ನೌಕೆ ಯುದ್ಧಕ್ಕೆ ಇಳಿಯಿತು. ಇಲ್ಲಿ ರೈತ ಕಾಳು ಸಾಗಿಸುವ ಬುಟ್ಟಿಯೇ ಸುಲ್ತಾನನಿಗೂ ರಾಯನಿಗೂ ಗತಿ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯೂ ಈ ಸೀಮೆಯ ಹೊಳೆಗಳಿಗಾಗಿ ಹರಿಗೋಲುಗಳನ್ನೇ ಕಟ್ಟಿಸಿದ.

ರಾಯಚೂರಿನ ಕೃಷ್ಣಾ ನಡುಗಡ್ಡೆ ಕುರುವಪುರದ ದತ್ತಕ್ಷೇತ್ರಕ್ಕೆ ಭಕ್ತರನ್ನು ದಾಟಿಸಿದ್ದೂ ಇದೇ ತೆಪ್ಪ. ಕೋಟೆ ನೋಡಲು ಬಂದ ಮಕ್ಕಳಿಗೆ ಒಂದು ಹರಿಗೋಲನ್ನೂ ತೋರಿಸಬೇಕು, ಅದನ್ನು ಹೆಣೆಯಬಲ್ಲವರನ್ನೇ ಕರೆಸಿ, ಮಕ್ಕಳ ಎದುರಿಗೇ ಹೆಣೆಸಿ.