ತುಳಿಯುವ ಕಯಾಕ್, ತಿರುಗುವ ಹರಿಗೋಲು: ಮೀನುಗಾರಿಕೆ ದೋಣಿಗಳ ಬಗ್ಗೆ ನಂಬಿದ್ದೆಷ್ಟು, ನಿಜವೆಷ್ಟು?

ಬೇವೂರಿನಿಂದ ಉತ್ತರಕ್ಕೆ ಹೊರಟರೆ ಆಲಮಟ್ಟಿಯ ಹಿನ್ನೀರು, ಆಗ್ನೇಯಕ್ಕೆ ಇಳಿದರೆ ಮಲಪ್ರಭಾ. ಬಾಗಲಕೋಟೆ ಜಿಲ್ಲೆ ಎಂದರೆ ಬಿಸಿಲು, ಕಲ್ಲು, ಬರ ಎಂದುಕೊಂಡವರಿಗೆ ಇಲ್ಲಿ ಮೀನು ಹಿಡಿದೇ ಸಂಸಾರ ತೂಗಿಸುವ ಮನೆಗಳಿವೆ ಎಂದರೆ ಆಶ್ಚರ್ಯವಾಗುತ್ತದೆ. ಆದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯುವ ನೆಲ ಇದು. ಅಂಬಿಗರಿಗೆ, ಕಬ್ಬಲಿಗರಿಗೆ ಇಲ್ಲಿ ಹರಿಗೋಲು ಮನೆಯ ಎತ್ತಿನ ಜೋಡಿಗಿಂತ ಕಡಿಮೆಯ ಆಸ್ತಿಯಲ್ಲ.

ಈಗ ಊರ ಹುಡುಗರ ಮೊಬೈಲಿನಲ್ಲಿ ಬೇರೊಂದು ದೋಣಿ ಕಾಣಿಸುತ್ತಿದೆ. ಉದ್ದನೆಯ ಪ್ಲಾಸ್ಟಿಕ್ ದೋಣಿ, ನಡುವೆ ಕುರ್ಚಿ, ಕುರ್ಚಿಯ ಮುಂದೆ ಪೆಡಲ್. ಕೂತವನು ಕಾಲಲ್ಲಿ ತುಳಿಯುತ್ತಾನೆ, ಎರಡೂ ಕೈಯಲ್ಲಿ ಗಾಳದ ಕೋಲು ಹಿಡಿದಿರುತ್ತಾನೆ. ಅದರ ಹೆಸರು ಪೆಡಲ್ ಕಯಾಕ್. "ಇದ ಬಂತಂದ್ರ ಹರಗೋಲು ಮೂಲಿಗೆ ಬಿತ್ತು ಅಂತ ತಿಳೀರಿ" ಎನ್ನುವವರಿದ್ದಾರೆ. "ಇದೆಲ್ಲಾ ಸಾಹುಕಾರರ ಆಟಾರೀ, ಇದರಾಗ ಮೀನ ಸಿಗ್ತಾವೇನು?" ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಮಾತು ದೋಣಿಯನ್ನೂ ನೀರನ್ನೂ ಅರ್ಧ ನೋಡಿ ಆಡಿದವು. ದೋಣಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರ ವಯಸ್ಸಿನಿಂದ ತೀರ್ಮಾನವಾಗುವುದಿಲ್ಲ, ಅದರಲ್ಲಿ ಕೂತು ಮಾಡುವ ಕೆಲಸದಿಂದ ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ.

"ಉದ್ಯಾನದ ಕೆರೆಯ ಪೆಡಲ್ ಬೋಟೇ ಇದು"

ಅಲ್ಲ. ಉದ್ಯಾನಗಳ ಕೆರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ತುಳಿಯುವ ದೋಣಿಯಲ್ಲಿ ನೀರನ್ನು ಹಿಂದಕ್ಕೆ ಬಡಿಯುವ ಹಲಗೆಗಳ ಚಕ್ರವಿರುತ್ತದೆ. ಬಡಿದ ಶಕ್ತಿಯಲ್ಲಿ ಬಹಳಷ್ಟು ನೀರು ಚಿಮ್ಮಿಸುವುದಕ್ಕೇ ಹೋಗುತ್ತದೆ. ಮೀನು ಹಿಡಿಯುವ ಕಯಾಕ್‌ನ ವ್ಯವಸ್ಥೆಯೇ ಬೇರೆ.

ಅದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪೆಡಲನ್ನು ಸೈಕಲ್ಲಿನಂತೆ ಸುತ್ತ ತಿರುಗಿಸಿದರೆ ಹಲ್ಲಿನ ಗಾಲಿಗಳ ಮೂಲಕ ದೋಣಿಯ ಕೆಳಗಿನ ಪಂಖ ತಿರುಗುತ್ತದೆ. ಎರಡನೆಯದನ್ನು ಅಮೆರಿಕದ ಹೋಬಿ ಕಂಪನಿ 1997ರಲ್ಲಿ ಮಾರುಕಟ್ಟೆಗೆ ತಂದಿತು. ಇದರಲ್ಲಿ ಪೆಡಲ್ ತಿರುಗುವುದಿಲ್ಲ. ಎಡಗಾಲು, ಬಲಗಾಲು ಒಂದಾದ ಮೇಲೊಂದು ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಹೀಗೆ ತಳ್ಳಿದಾಗ ದೋಣಿಯ ತಳದ ಕಿಂಡಿಯಿಂದ ನೀರಿಗಿಳಿದ ಎರಡು ರೆಕ್ಕೆಗಳು ಅಡ್ಡಡ್ಡಲಾಗಿ ಬೀಸುತ್ತವೆ, ಒಂದನ್ನೊಂದು ದಾಟಿ ಹೋಗಿ ಮತ್ತೆ ಮರಳುತ್ತವೆ. ರೆಕ್ಕೆ ಮೆತ್ತಗಿರುವುದರಿಂದ ಪ್ರತಿ ಬೀಸಿಗೂ ತಾನಾಗಿ ತಿರುಚಿಕೊಂಡು ನೀರನ್ನು ಹಿಂದಕ್ಕೆ ದೂಡುತ್ತದೆ. ಪೆಂಗ್ವಿನ್ ಹಕ್ಕಿ ನೀರೊಳಗೆ ಈಜುವ ರೀತಿಯನ್ನು ನೋಡಿ ಮಾಡಿದ ವಿನ್ಯಾಸ ಇದು. ದಿಕ್ಕು ಬದಲಿಸಲು ಪಕ್ಕದಲ್ಲೊಂದು ಸಣ್ಣ ಹಿಡಿ ಇರುತ್ತದೆ. ಅದನ್ನು ಬೆರಳಲ್ಲಿ ತಿರುಗಿಸಿದರೆ ಹಿಂದಿನ ಚುಕ್ಕಾಣಿ ತಿರುಗುತ್ತದೆ. ಕೈಗೆ ಇಷ್ಟೇ ಕೆಲಸ. ಗಾಳ ಹಾಕುವವನಿಗೆ ಈ ದೋಣಿ ಪ್ರಿಯವಾಗಿದ್ದು ಇದರಿಂದಲೇ.

"ಕಾಲಿಗೆ ದಣಿವಿಲ್ಲ, ಮೋಟರಿನಷ್ಟೇ ಓಟ"

ತೊಡೆಯ ಸ್ನಾಯು ತೋಳಿನ ಸ್ನಾಯುವಿಗಿಂತ ದೊಡ್ಡದು, ಹೆಚ್ಚು ಹೊತ್ತು ದುಡಿಯುತ್ತದೆ. ಅಲ್ಲಿಯವರೆಗೆ ಮಾತು ಸರಿ. ಆದರೆ ಸಾಧಾರಣ ಮೈಕಟ್ಟಿನ ಮನುಷ್ಯ ಗಂಟೆಗಟ್ಟಲೆ ತುಳಿದರೆ ಸತತವಾಗಿ ಕೊಡಬಲ್ಲ ಶಕ್ತಿ ಸುಮಾರು 75ರಿಂದ 100 ವಾಟ್. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಎರಡು ಅಶ್ವಶಕ್ತಿಯ ಪುಟ್ಟ ಮೋಟರ್ ಕೂಡ ಅವನ ಹದಿನೈದು, ಇಪ್ಪತ್ತು ಪಟ್ಟು ಕೆಲಸ ಮಾಡುತ್ತದೆ. ಹೋಲಿಕೆಯೇ ಸಲ್ಲದು.

ನೀರಿಗೆ ಇನ್ನೊಂದು ಲೆಕ್ಕವಿದೆ. ವೇಗ ಎರಡು ಪಟ್ಟಾದರೆ ನೀರಿನ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಬೇಕಾಗುವ ಶಕ್ತಿ ಎಂಟು ಪಟ್ಟು. ಮೇಲಾಗಿ ದೋಣಿ ಮುಂದೆ ಸಾಗುತ್ತಾ ತಾನೇ ಅಲೆಯೊಂದನ್ನು ಎಬ್ಬಿಸುತ್ತದೆ. ಒಂದು ಮಿತಿಯ ನಂತರ ಆ ಅಲೆಯನ್ನೇ ಹತ್ತಬೇಕಾಗುತ್ತದೆ. ಮೂರೂವರೆ ಮೀಟರ್ ಉದ್ದದ ಕಯಾಕ್‌ಗೆ ಈ ಮಿತಿ ಗಂಟೆಗೆ ಎಂಟು ಕಿಲೋಮೀಟರ್ ಆಸುಪಾಸು. ಅದಕ್ಕಿಂತ ಹೆಚ್ಚು ತುಳಿದರೆ ಬೆವರು ಹೆಚ್ಚು ಬರುತ್ತದೆಯೇ ಹೊರತು ದಡ ಬೇಗ ಬರುವುದಿಲ್ಲ. ಅರ್ಧ ವೇಗದಲ್ಲಿ ನಿಧಾನ ತುಳಿಯುವವನಿಗೆ ಮಾತ್ರ ಈ ದೋಣಿ ದಣಿವಿಲ್ಲದ ಸಂಗಾತಿ.

"ಹರಿಗೋಲು ಬರೀ ತಿರುಗುತ್ತದೆ, ನೆಟ್ಟಗೆ ಹೋಗುವುದಿಲ್ಲ"

ಈ ತಪ್ಪು ಕಲ್ಪನೆಗೆ ಐನೂರು ವರ್ಷದ ಇತಿಹಾಸವಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ತುಂಗಭದ್ರೆ ದಾಟುವ ದೋಣಿಗಳನ್ನು ಕಂಡು ಬರೆದಿಟ್ಟ. ಅವು ಬುಟ್ಟಿಯ ಹಾಗೆ ದುಂಡಗಿದ್ದವು, ಹೊರಗೆ ಚರ್ಮ ಹೊದಿಸಿತ್ತು, ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದವು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು. ಇಷ್ಟು ಬರೆದ ಪಾಯಸ್, ಅವು ಸದಾ ತಿರುಗುತ್ತಲೇ ಇರುತ್ತವೆ, ಬೇರೆ ದೋಣಿಗಳಂತೆ ನೆಟ್ಟಗೆ ಹೋಗಲಾರವು ಎಂದೂ ಬರೆದ. ಇಂದು ಹಂಪಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಗರಗರ ತಿರುಗಿಸುವುದನ್ನು ನೋಡಿದವರಿಗೂ ಹಾಗೇ ಅನಿಸುತ್ತದೆ. ಅದು ತಿರುಗಿಸುವವನು ಬೇಕೆಂದೇ ತಿರುಗಿಸುವ ಆಟ.

ಬಲೆ ಬಿಡಲು ಹೊರಟ ಅಂಬಿಗನನ್ನು ನೋಡಬೇಕು. ಅವನು ಹರಿಗೋಲಿನ ನಡುವೆ ಕೂರುವುದಿಲ್ಲ, ಮುಂಭಾಗದ ಅಂಚಿಗೆ ಬಂದು ಮೊಣಕಾಲೂರಿ ಕೂರುತ್ತಾನೆ. ಹುಟ್ಟನ್ನು ಪಕ್ಕದಲ್ಲಿ ಹಾಕುವುದಿಲ್ಲ, ಎದುರಿಗೇ ಚಾಚಿ ಮುಳುಗಿಸಿ ತನ್ನತ್ತ ಎಳೆಯುತ್ತಾನೆ. ಎಳೆಯುವಾಗ ಹುಟ್ಟಿನ ಹಲಗೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿಸುತ್ತಾನೆ. ನೀರಿನಲ್ಲಿ ಎಂಟು ಅಂಕಿ ಬರೆದ ಹಾಗೆ ಅದು ಓಡಾಡುತ್ತದೆ. ಎಡಕ್ಕೆ ತಿರುಗಬೇಕೆಂದ ದೋಣಿಯನ್ನು ಬಲದ ಎಳೆತ ತಡೆಯುತ್ತದೆ, ಬಲಕ್ಕೆ ಹೊರಳಿದ್ದನ್ನು ಎಡದ ಎಳೆತ ಸರಿಮಾಡುತ್ತದೆ. ಅಂಚು ಚೂರು ಚೂರು ಆಚೀಚೆ ವಾಲುತ್ತದೆ, ದೋಣಿ ಮಾತ್ರ ನೆಟ್ಟಗೆ ಹೋಗುತ್ತದೆ. ತಳದಲ್ಲಿ ನೀರನ್ನು ಸೀಳುವ ಏಣು ಇಲ್ಲದ ಕಾರಣ ತಿರುಗುವುದು ಅದರ ಸ್ವಭಾವ, ಆ ಸ್ವಭಾವವನ್ನು ಹಿಡಿತಕ್ಕೆ ತರುವುದು ಅಂಬಿಗನ ವಿದ್ಯೆ. ಪಾಯಸ್ ದೋಣಿಯನ್ನು ಕಂಡ, ವಿದ್ಯೆ ಅವನ ಕಣ್ಣಿಗೆ ಬೀಳಲಿಲ್ಲ.

ಹರಿಗೋಲು ದುಂಡಗಿರುವುದೇ ಬಲೆಗಾರನಿಗೆ ಅನುಕೂಲ. ನೆನೆದ ಬಲೆ, ಅದಕ್ಕೆ ಕಟ್ಟಿದ ಸೀಸದ ಗುಂಡುಗಳು, ಸಿಕ್ಕ ಮೀನು, ಇದೆಲ್ಲವನ್ನೂ ದೋಣಿಯ ಒಂದೇ ಪಕ್ಕಕ್ಕೆ ಬಾಗಿ ಮೇಲೆಳೆಯಬೇಕು. ಕಿರಿದಾದ ದೋಣಿಯಾದರೆ ಆ ಕಡೆಗೇ ವಾಲುತ್ತದೆ. ಅಗಲವಾದ ಹರಿಗೋಲು ಯಾವ ಕಡೆಯಿಂದ ಎಳೆದರೂ ಒಂದೇ ರೀತಿ ತಾಳಿಕೊಳ್ಳುತ್ತದೆ. ಗಂಡ ಹುಟ್ಟು ಹಾಕಿದರೆ ಹೆಂಡತಿ ಬಲೆ ಬಿಡುತ್ತಾಳೆ, ಇಬ್ಬರಿಗೂ ಜಾಗ ಉಂಟು. ಗೇಣು ನೀರಿದ್ದರೂ ತೇಲುತ್ತದೆ. ಸಂಜೆ ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋಗಬಹುದು. ಬಿದಿರು ಮುರಿದರೆ ಬಿದಿರೇ, ಹೊರಗೆ ಹೊದಿಸಿದ ಹಾಳೆ ಹರಿದರೆ ಡಾಂಬರೇ ಮದ್ದು.

ಪೆಡಲ್ ಕಯಾಕ್‌ನಲ್ಲಿ ಕೂತು ಇದೇ ಬಲೆಯನ್ನು ಎಳೆಯುವುದನ್ನು ಯೋಚಿಸಿ. ಕಾಲ ಮುಂದೆ ಪೆಡಲ್, ಬೆನ್ನ ಹಿಂದೆ ಕುರ್ಚಿ. ಬಲೆಯ ಕಣ್ಣು ಒಂದು ಸಲ ಪೆಡಲಿಗೆ ಸಿಕ್ಕಿತೆಂದರೆ ಬೆಳಗಿನ ಕೆಲಸವೇ ಕೆಟ್ಟಂತೆ. ದೋಣಿಯೇ ಮೂವತ್ತೈದು, ನಲವತ್ತು ಕಿಲೋ, ಕೆಲವು ಅದಕ್ಕೂ ಭಾರ. ಬೆಲೆ ಹೆಸರಾದ ಕಂಪನಿಗಳದ್ದಾದರೆ ಲಕ್ಷಗಳ ಲೆಕ್ಕ. ಬಲೆಯ ಕಸುಬಿಗೆ ಇದು ಒಗ್ಗುವ ದೋಣಿಯಲ್ಲ. ಹರಿಗೋಲು ಮೂಲೆ ಸೇರುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ.

ಹಾಗೆಂದು ಕಯಾಕ್ ಸಿರಿವಂತರ ಆಟಿಕೆಯಾಗಿ ಹುಟ್ಟಿದ್ದೂ ಅಲ್ಲ. ಉತ್ತರ ಧ್ರುವದ ಅಂಚಿನ ಇನ್ಯೂಟ್ ಜನ ಕಟ್ಟಿಗೆ, ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಬೇಟೆಗೆಂದು ಮಾಡಿಕೊಂಡ ದೋಣಿ ಅದು. ನಮ್ಮ ಹಿರಿಯರು ಬಿದಿರಿಗೆ ಎತ್ತಿನ ಚರ್ಮ ಹೊದಿಸಿದರು, ಅವರು ಎಲುಬಿಗೆ ಸೀಲ್ ಚರ್ಮ ಹೊದಿಸಿದರು. ಎರಡೂ ದುಡಿಯುವವರ ದೋಣಿಗಳೇ.

"ಪೆಡಲ್ ಕಯಾಕ್ ಇದ್ದರೆ ಮೀನು ಹೆಚ್ಚು"

ಯಾವ ಮೀನು ಎಂಬುದರ ಮೇಲೆ ಹೋಗುತ್ತದೆ. ವಿಡಿಯೋಗಳಲ್ಲಿ ಕಾಣುವುದು ಬಹುತೇಕ ಬೇಟೆಗಾರ ಮೀನು. ದೋಣಿ ಮೆಲ್ಲಗೆ ಸಾಗುತ್ತಿರುತ್ತದೆ, ಹಿಂದೆ ಹುಸಿಮೀನು ಕಟ್ಟಿದ ದಾರ ಎಳೆದುಕೊಂಡು ಬರುತ್ತದೆ, ದೊಡ್ಡ ಮೀನು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ನಮ್ಮಲ್ಲಿ ಕೊರವ, ಬಾಳೆ ಮೀನಿಗೆ ಇದು ನಡೆಯುತ್ತದೆ. ಆದರೆ ನಮ್ಮ ಜಲಾಶಯಗಳಲ್ಲಿ ಹೆಚ್ಚು ಬೆಳೆಸುವುದು ಗೆಂಡೆ ಜಾತಿಯ ಮೀನು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ನಡುವಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೆಸರು ಕೆದಕುತ್ತದೆ. ಇವು ಯಾವುವೂ ಓಡುವ ಹುಸಿಮೀನಿನ ಬೆನ್ನು ಹತ್ತುವ ಪೈಕಿ ಅಲ್ಲ. ಇವಕ್ಕೆ ಹಿಟ್ಟಿನ ಉಂಡೆ ಹಾಕಿ ಒಂದೇ ಕಡೆ ಕಾಯಬೇಕು. ಕಾಯುವುದಕ್ಕೆ ದಂಡೆಯ ಬಂಡೆ ಸಾಕು; ಪೆಡಲ್ ಬೇಕಿಲ್ಲ.

ಇದರ ಜೊತೆಗೇ ಬರುವ ಮಾತು: ದೋಣಿಯಲ್ಲಿ ಮಾತಾಡಿದರೆ ಮೀನು ಓಡುತ್ತವೆ. ಗಾಳಿಯಲ್ಲಿನ ಸದ್ದು ನೀರಿನ ಮೈಗೆ ತಾಗಿ ಬಹುಪಾಲು ಹಿಂದಕ್ಕೇ ಪುಟಿಯುತ್ತದೆ, ಒಳಗಿಳಿಯುವುದು ತೀರ ಸ್ವಲ್ಪ. ಮೀನಿಗೆ ನಿಜವಾಗಿ ಮುಟ್ಟುವುದು ದೋಣಿಯ ತಳಕ್ಕೆ ಬಿದ್ದ ಪೆಟ್ಟು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಗಾಳಿಯಲ್ಲಿನ ನಾಲ್ಕು ಪಟ್ಟು. ಜೊತೆಗೆ ಮೀನಿನ ಮೈಯುದ್ದಕ್ಕೂ ಅಲುಗಾಟ ಗುರುತಿಸುವ ಪಾರ್ಶ್ವರೇಖೆ ಇದೆ. ಹಾಗಾಗಿ ಪ್ಲಾಸ್ಟಿಕ್ ದೋಣಿಯೊಳಗೆ ನೀರಿನ ಬಾಟಲಿ ಬೀಳಿಸುವುದು ಹರಟೆಗಿಂತ ದೊಡ್ಡ ತಪ್ಪು. ಬಲೆಗಾರರು ಇದನ್ನು ಚೆನ್ನಾಗಿ ಬಲ್ಲರು. ಬಲೆ ಬಿಟ್ಟಮೇಲೆ ಕೋಲಿನಿಂದ ನೀರು ಬಡಿದು ಮೀನನ್ನು ಬಲೆಯತ್ತ ಓಡಿಸುವುದು ಅವರ ಹಳೆಯ ಪದ್ಧತಿ.

"ಹಿನ್ನೀರು ನಿಂತ ನೀರು, ಭಯವೇನು?"

ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವ ನಂಬಿಕೆ ಇದು.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ಈಗ ತುಂಬಿದಾಗ ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲುತ್ತದೆ. ಆ ನೀರಿನಡಿ ಇರುವುದು ಬರೀ ಮಣ್ಣಲ್ಲ. ಹಳೆಯ ಬಾಗಲಕೋಟೆಯ ದೊಡ್ಡ ಭಾಗ, ಹಲವಾರು ಹಳ್ಳಿಗಳ ಮನೆ, ಹೊಲ, ಗಿಡ ಮುಳುಗಿದವು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಎದ್ದು ಹೋದರು. ಗೋಡೆಯ ತುದಿ, ಒಣಗಿದ ಜಾಲಿಯ ಬೊಡ್ಡೆ ನೀರು ತುಂಬಿದಾಗ ಆಳದಲ್ಲಿರುತ್ತವೆ, ಇಳಿದಾಗ ಮೊಳದಳತೆಯ ಕೆಳಗೆ ಬಂದು ಕಣ್ಣಿಗೆ ಕಾಣದೆ ಕೂರುತ್ತವೆ. ಪೆಡಲ್ ಕಯಾಕ್‌ನ ರೆಕ್ಕೆ, ಪಂಖ ಮೊಳದಷ್ಟು ಕೆಳಗೆ ಇಳಿದಿರುವುದರಿಂದ ಮೊದಲು ತಾಗುವುದು ಅದಕ್ಕೇ. ಜಲಕಳೆ ಹಬ್ಬಿದ ಕಡೆ ಪಂಖಕ್ಕೆ ಬೇರು ಸುತ್ತಿಕೊಂಡು ಪೆಡಲ್ ತುಳಿಯಲು ಬರುವುದೇ ಇಲ್ಲ. ಆದ್ದರಿಂದ ಪೆಡಲ್ ಇದ್ದವರೂ ಹುಟ್ಟೊಂದನ್ನು ದೋಣಿಗೆ ಕಟ್ಟಿಟ್ಟುಕೊಂಡೇ ಹೋಗಬೇಕು.

ಮುಂಗಾರಿನ ಗಾಳಿಯೂ ಸಣ್ಣದಲ್ಲ. ತಡೆಯಿಲ್ಲದ ಅಗಲ ನೀರಿನ ಮೇಲೆ ಅದು ಬೀಸಿದಷ್ಟೂ ಅಲೆ ಬೆಳೆಯುತ್ತದೆ. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಹಗುರ ಅನಿಸುತ್ತದೆ, ಮರಳುವಾಗ ಅದೇ ಗಾಳಿ ಎದೆಗೆ ಬರುತ್ತದೆ. ನದಿಯಲ್ಲಂತೂ ನಿಂತ ನೀರು ಎಂಬುದೇ ಇಲ್ಲ: 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲು, ಐಹೊಳೆಗೆ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ಮಳೆಯ ಹನಿ ಬೀಳದಿದ್ದರೂ ಹೊಳೆ ಏರುತ್ತದೆ.

"ನನಗ ಈಜು ಬರ್ತದ" ಎಂಬುದು ಲೈಫ್ ಜಾಕೆಟ್ ತೊಡದಿರಲು ಕೊಡುವ ಕಾರಣ. ಬಲೆ ಕಾಲಿಗೆ ಸುತ್ತಿಕೊಂಡರೆ, ಬೀಳುವಾಗ ತಲೆಗೆ ಪೆಟ್ಟಾದರೆ ಈಜು ಏನು ಮಾಡೀತು? ಬಹುತೇಕ ಮೀನುಗಾರಿಕೆ ಕಯಾಕ್‌ಗಳ ಒಡಲು ಮುಚ್ಚಿದ್ದು, ಕೂರುವ ಜಾಗದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಹೀಗಾಗಿ ಮಗುಚಿದರೂ ಮುಳುಗುವುದಿಲ್ಲ, ತಿರುಗಿಸಿ ಮತ್ತೆ ಹತ್ತಬಹುದು. ಆದರೆ ಗಾಳಿಗೆ ಅದು ಕೈಗೆ ಸಿಗದಷ್ಟು ದೂರ ಸರಿಯಲು ಹೆಚ್ಚು ಹೊತ್ತು ಬೇಕಿಲ್ಲ. ಜಾಕೆಟ್ ದೋಣಿಯ ಮೂಲೆಯಲ್ಲಿದ್ದರೆ ಅದೂ ದೋಣಿಯ ಜೊತೆಗೇ ಹೋಯಿತು. ಹರಿಗೋಲಿನವರಿಗೂ ಈ ಮಾತು ಅಷ್ಟೇ ಅನ್ವಯ. ತಲೆಮಾರುಗಳ ಅನುಭವ ಇದ್ದವರೂ ನೀರಿಗೆ ಬಿದ್ದಾಗ ಬರಿಯ ಮನುಷ್ಯರೇ.

"ನೀರು ಎಲ್ಲರದು, ಮೀನು ಹಿಡಿಯಲು ಯಾರನ್ನು ಕೇಳಬೇಕು?"

ಕೇಳಬೇಕು. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಪದ್ಧತಿ ಇದೆ. ಎಷ್ಟೋ ಕೆರೆಗಳು ಮೀನುಗಾರರ ಸಹಕಾರ ಸಂಘಗಳ ಗುತ್ತಿಗೆಯಲ್ಲಿರುತ್ತವೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾಯ್ದೆಯ ಕಾಲದಿಂದಲೂ ಅಪರಾಧ.

ಕಾನೂನಿಗಿಂತ ಹತ್ತಿರದ ಸಂಗತಿ ಇನ್ನೊಂದಿದೆ. ಮೀನುಗಾರರು ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ಆ ಬಲೆ ಎಲ್ಲಿದೆ ಎಂಬುದಕ್ಕೆ ಗುರುತು ತೇಲುವ ಥರ್ಮಾಕೋಲ್ ಚೂರು, ಖಾಲಿ ಪ್ಲಾಸ್ಟಿಕ್ ಬಾಟಲಿ, ಅಷ್ಟೇ. ಹೊಸಬನಿಗೆ ಅದು ಕಸದಂತೆ ಕಾಣುತ್ತದೆ. ಅದರ ಮೇಲೆ ಪೆಡಲ್ ತುಳಿದುಕೊಂಡು ಹೋದರೆ ರೆಕ್ಕೆಗೆ ಬಲೆ ಸುತ್ತಿಕೊಳ್ಳುತ್ತದೆ, ಬಿಡಿಸಲು ಚಾಕು ತೆಗೆಯಬೇಕಾಗುತ್ತದೆ, ಒಂದು ಮನೆಯ ಆ ವಾರದ ಗಳಿಕೆ ಹರಿದುಹೋಗುತ್ತದೆ.

ಪೆಡಲ್ ಕಯಾಕ್ ತರಬೇಕೆಂದಿರುವ ತರುಣರೇ, ತನ್ನಿ. ಗಾಳದ ಹವ್ಯಾಸಕ್ಕೆ ಒಳ್ಳೆಯ ದೋಣಿ ಅದು. ನೀರಿಗಿಳಿಸುವ ಮೊದಲು ಪರವಾನಗಿ ವಿಚಾರಿಸಿ, ಜಾಕೆಟ್ ತೊಟ್ಟುಕೊಳ್ಳಿ, ದಂಡೆಯಲ್ಲಿ ಹರಿಗೋಲು ಬೋರಲು ಹಾಕಿಕೊಂಡು ಕೂತ ಹಿರಿಯರನ್ನು "ಕಾಕಾ, ಬಲಿ ಎಲ್ಲೆಲ್ಲಿ ಬಿಟ್ಟೀರಿ, ಗ್ವಾಡಿ ಎಲ್ಲದಾವು?" ಎಂದು ಕೇಳಿ. ಅವರು ತೋರಿಸಿದ ದಾರಿ ಬಿಟ್ಟು ಹೋಗಬೇಡಿ.